ಮಾವಿನ ತಿರುಳಿಗೆ ಯಾವ ಪಂಪ್? ನಾಲ್ಕನ್ನು ಓಡಿಸಿ, ಬಿಚ್ಚಿ ನೋಡಿದ ಮೇಲೆ

ಜೂನ್ ಬಂತೆಂದರೆ ಶ್ರೀನಿವಾಸಪುರದ ರಸ್ತೆಗಳ ತುಂಬ ತೋತಾಪುರಿ ಹೊತ್ತ ಟ್ರ್ಯಾಕ್ಟರುಗಳ ಸಾಲು. ನಮ್ಮ ಸಣ್ಣ ಘಟಕದಲ್ಲಿ ಆ ಹಣ್ಣು ತಿರುಳು ತೆಗೆಯುವ ಯಂತ್ರವಾದ ಪಲ್ಪರ್ ದಾಟಿ ತಿರುಳಾದ ಮೇಲೆ, ಅದನ್ನು ಕಾಯಿಸುವ ಯಂತ್ರಕ್ಕೆ ಸಾಗಿಸಲು 18 ಅಡಿ ಪೈಪು ಇದೆ. ಆ 18 ಅಡಿಗಾಗಿ ಮೂರು ಹಂಗಾಮುಗಳಲ್ಲಿ ನಾಲ್ಕು ಬಗೆಯ ಪಂಪ್‌ಗಳನ್ನು ಓಡಿಸಿದ್ದೇನೆ, ನಾಲ್ಕನ್ನೂ ನನ್ನ ಕೈಯಾರೆ ಬಿಚ್ಚಿ ತೊಳೆದಿದ್ದೇನೆ. ಗಂಟೆಗೆ ಎಷ್ಟು ಲೀಟರ್ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಬಿಚ್ಚಲು ಎಷ್ಟು ಹೊತ್ತು ಬೇಕು, ಒಳಗೆ ಬೆರಳು ತಲುಪದ ಮೂಲೆ ಎಲ್ಲಿದೆ ಎಂಬುದನ್ನು ನಾನು ಅದಕ್ಕಿಂತ ಮೊದಲು ಕೇಳುತ್ತೇನೆ.

ಮೊದಲು ಇದ್ದದ್ದು ಸೆಂಟ್ರಿಫ್ಯೂಗಲ್ ಪಂಪ್. ಹಾಲಿನಂಥ ತೆಳು ದ್ರವಕ್ಕೆ ಇದು ಅಗ್ಗ, ಗಟ್ಟಿ, ತೊಳೆಯುವುದೂ ಸುಲಭ. ಗಟ್ಟಿ ತಿರುಳಿಗೆ ಮಾತ್ರ ಸಲ್ಲದು. ಒಳಗಿನ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್, ಇದ್ದಲ್ಲೇ ತಿರುಗಿ ಗಾಳಿ ಬೆರೆಸುತ್ತಿತ್ತು, ತಿರುಳು ನೊರೆಗಟ್ಟಿ ಬಣ್ಣ ಕಂದುತ್ತಿತ್ತು. ಈಗ ಅದನ್ನು ತೊಳೆಯುವ ಕೆಲಸಕ್ಕೆ ಇಟ್ಟುಕೊಂಡಿದ್ದೇವೆ. ಬಿಸಿ ಕಾಸ್ಟಿಕ್ ಸೋಡಾ ದ್ರಾವಣ ಪೈಪಿನೊಳಗೆ ಸೆಕೆಂಡಿಗೆ 1.5 ಮೀಟರ್ ವೇಗದಲ್ಲಾದರೂ ಹರಿದರೆ ಗೋಡೆಗೆ ಅಂಟಿದ್ದು ಬಿಡುತ್ತದೆ. ಆ ವೇಗ ಕೊಡುವುದರಲ್ಲಿ ಇದು ಸಮರ್ಥ.

ಎರಡನೆಯದು ಸ್ಕ್ರೂ ಪಂಪ್, ನಮ್ಮವರ ಬಾಯಲ್ಲಿ ಮೋನೊ. ತಿರುಗದೆ ನಿಂತಿರುವ ರಬ್ಬರಿನ ಕವಚ, ಅಂದರೆ ಸ್ಟೇಟರ್, ಅದರೊಳಗೆ ತಿರುಚಿದ ಸ್ಟೀಲ್ ರೋಟರ್ ತಿರುಗುತ್ತದೆ. ತಿರುಳನ್ನು ಇಷ್ಟು ಮೆತ್ತಗೆ, ಒಂದೇ ಸಮನೆ ತಳ್ಳುವ ಪಂಪನ್ನು ನಾನು ಬೇರೆ ಕಂಡಿಲ್ಲ. ಹಣ್ಣಿನ ತುಂಡುಗಳೂ ಜಜ್ಜಿಹೋಗದೆ ದಾಟುತ್ತವೆ. ಮೊದಲ ಹಂಗಾಮಿನ ಅರ್ಧದವರೆಗೂ ಇದನ್ನೇ ಎಲ್ಲರಿಗೂ ಶಿಫಾರಸು ಮಾಡುತ್ತಿದ್ದೆ.

ಆಮೇಲೊಂದು ಸಂಜೆ ಪಲ್ಪರ್‌ನ ಜಾಲರಿ ಕಟ್ಟಿಕೊಂಡು ತೊಟ್ಟಿ ಬರಿದಾಯಿತು, ಪಂಪ್ ಮಾತ್ರ ಓಡುತ್ತಲೇ ಇತ್ತು. ರೋಟರಿಗೂ ರಬ್ಬರಿಗೂ ನಡುವೆ ಜಾರುವಿಕೆ ಕೊಡುವುದು ಆ ತಿರುಳೇ. ಅದಿಲ್ಲದೆ ಸ್ವಲ್ಪ ಹೊತ್ತು ಓಡಿದರೂ ಸಾಕು, ಸ್ಟೇಟರ್ ಕಾದು ಸುಡುತ್ತದೆ. ತುಂಬುವ ವಿಭಾಗದ ಅಕ್ಕ ಬಂದು, "ಅಣ್ಣಾ, ತಿರುಳಿನಲ್ಲಿ ಕಪ್ಪು ಚುಕ್ಕೆ ಕಾಣುತ್ತಿದೆ, ಸ್ವಲ್ಪ ಬಂದು ನೋಡಿ" ಎಂದರು. ಬಿಳಿ ತಟ್ಟೆಯ ಮೇಲೆ ತೆಳ್ಳಗೆ ಹರಡಿ ನೋಡಿದೆ. ಸಾಸಿವೆಗಿಂತ ಸಣ್ಣ ರಬ್ಬರ್ ಚೂರುಗಳು. ಉಗುರಿನಲ್ಲಿ ಒತ್ತಿದರೆ ಬಗ್ಗುತ್ತಿದ್ದವು. ರಬ್ಬರ್ ಲೋಹಶೋಧಕಕ್ಕೆ ಸಿಗುವುದಿಲ್ಲ. ಆ ದಿನದ ತಿರುಳನ್ನೆಲ್ಲ ಚೆಲ್ಲಿಸಿದೆ. ಮಕ್ಕಳ ಬಾಯಿಗೆ ಹೋಗುವ ವಸ್ತು, ಅದರಲ್ಲಿ ಬೇರೆ ಯೋಚನೆಗೆ ಎಡೆಯೇ ಇರಲಿಲ್ಲ. ಬಿಚ್ಚಿದಾಗ ಇನ್ನೊಂದು ಕಂಡಿತು. ಹೀರುವ ಕೋಣೆಯೊಳಗೆ ರೋಟರನ್ನು ತಿರುಗಿಸುವ ಕೀಲಿನ ಸುತ್ತ ನಾರು ಸುತ್ತಿಕೊಂಡು ಹುಳಿ ವಾಸನೆ ಹೊಡೆಯುತ್ತಿತ್ತು. ದಿನವೂ ತೊಳೆಯುತ್ತಿದ್ದರೂ ಕಾಸ್ಟಿಕ್ ಅಲ್ಲಿಗೆ ಸರಿಯಾಗಿ ತಲುಪಿರಲಿಲ್ಲ. ಅಲ್ಲದೆ ರೋಟರನ್ನು ಉದ್ದಕ್ಕೆ ಎಳೆಯಲು ಪಂಪಿನ ಮುಂದೆ ಜಾಗ ಬೇಕು. ನಮ್ಮಲ್ಲಿ ಅದಕ್ಕೆ ಪೈಪನ್ನೇ ಕಳಚಬೇಕಾಯಿತು. ಮೋನೊ ಕೊಳ್ಳುವವರು ಸ್ಟೇಟರ್‌ಗೆ ಬಿಸಿ ಗುರುತಿಸುವ ಸೆನ್ಸರನ್ನು ಅದರ ಜೊತೆಗೇ ಹಾಕಿಸಿ.

ಮೆದುಗೊಳವೆಯನ್ನು ಉರುಳೆಗಳಿಂದ ಹಿಂಡುವ ಪೆರಿಸ್ಟಾಲ್ಟಿಕ್ ಪಂಪನ್ನು ಒಂದು ತಿಂಗಳು ಬಾಡಿಗೆಗೆ ತಂದಿದ್ದೆ. ತಿರುಳಿಗೆ ತಾಗುವುದು ಕೊಳವೆ ಮಾತ್ರ, ಸೀಲ್ ಎಂಬುದೇ ಇಲ್ಲ, ಬರಿದಾಗಿ ಓಡಿದರೂ ಚಿಂತೆಯಿಲ್ಲ. ಆದರೆ ಹರಿವು ಮಿಡಿಯುತ್ತದೆ, ಕಾಯಿಸುವ ಯಂತ್ರದ ಉಷ್ಣತೆ ಅದರೊಂದಿಗೆ ಏರಿಳಿಯುತ್ತದೆ. ಕೊಳವೆ ದಣಿದು ಸೀಳುವ ಮೊದಲೇ ಬದಲಿಸುತ್ತಲೂ ಇರಬೇಕು. ಸಕ್ಕರೆ ಪಾಕವನ್ನೋ ಬಣ್ಣವನ್ನೋ ಅಳತೆಯಲ್ಲಿ ಬಿಡಲು ಒಳ್ಳೆಯದು.

ಈಗ ನಿಂತಿರುವುದು ಲೋಬ್ ಪಂಪ್. ಎರಡು ರೋಟರುಗಳು ಒಂದಕ್ಕೊಂದು ತಾಗದೆ ಎದುರುಬದುರು ತಿರುಗುತ್ತವೆ. ಅವನ್ನು ಹೊಂದಿಸುವ ಗೇರುಗಳು ಹೊರಗೆ, ಎಣ್ಣೆಯಲ್ಲಿ, ಆಹಾರದಿಂದ ದೂರ. ಮುಂದಿನ ಮುಚ್ಚಳದ ನಾಲ್ಕು ನಟ್ಟು ಬಿಚ್ಚಿದರೆ ಒಳಗಿನದೆಲ್ಲ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ನನ್ನ ಮನಸ್ಸು ಗೆದ್ದದ್ದು ಇದೇ.

ಇದಕ್ಕೂ ತನ್ನದೇ ಕಷ್ಟಗಳಿವೆ. ಪಲ್ಪರ್ ಜಾಲರಿ ಹರಿದು ಓಟೆಯ ಚೂರೊಂದು ಒಳಗೆ ಹೋದಾಗ ರೋಟರಿನ ಮೇಲೆ ಗೀರು ಬಿತ್ತು. ಅಂದಿನಿಂದ ತಿರುಳು ಪಂಪಿಗೆ ಬರುವ ಮೊದಲೇ ಒಂದು ಸೋಸು ಜಾಲರಿ ಕೂರಿಸಿದ್ದೇವೆ. ತೆಳು ದ್ರವ ರೋಟರುಗಳ ಸಂದಿನಿಂದ ಹಿಂದಕ್ಕೆ ಸೋರುತ್ತದೆ. ಬಿಸಿ ದ್ರಾವಣದಲ್ಲಿ ರೋಟರು ಹಿಗ್ಗಿ ಆ ಸಂದು ಕಿರಿದಾಗಿ ಗೋಡೆಗೆ ಉಜ್ಜುತ್ತದೆ. ಆದ್ದರಿಂದ ಬಿಸಿ ತೊಳೆತಕ್ಕೆಂದೇ ಹೆಚ್ಚು ಸಂದು ಬಿಟ್ಟ ರೋಟರನ್ನು ಕೊಳ್ಳುವಾಗಲೇ ಕೇಳಿ ಪಡೆಯಬೇಕು. ತೊಳೆಯಲು ಬೇಕಾದಷ್ಟು ಹರಿವು ಇದರ ಮೂಲಕ ಹೋಗದು, ಪಕ್ಕದಲ್ಲಿ ಬೈಪಾಸ್ ಪೈಪು ಬೇಕು. ಮುಂದಿನ ವಾಲ್ವ್ ಮುಚ್ಚಿ ಓಡಿಸಿದರೆ ಒತ್ತಡ ಏರಿ ಏನಾದರೊಂದು ಮುರಿಯುತ್ತದೆ, ಹಾಗಾಗಿ ರಿಲೀಫ್ ವಾಲ್ವ್ ಇರಲೇಬೇಕು. ಮೋನೊಗೂ ಇದೇ ಮಾತು.

ನಮ್ಮ ಕೊಳವೆಬಾವಿಯ ಗಡಸು ನೀರಿನ ವಿಚಾರವನ್ನು ಯಾವ ಮಾರಾಟಗಾರರೂ ಎತ್ತಲಿಲ್ಲ. ಕಾಸ್ಟಿಕ್ ತೊಳೆತದ ನಂತರ ಸ್ಟೀಲಿನ ಮೇಲೆ ಬಿಳಿ ಪೊರೆ ಕೂರುತ್ತಿತ್ತು, ಮರುದಿನ ತಿರುಳು ಅದನ್ನೇ ಹಿಡಿದು ನಿಲ್ಲುತ್ತಿತ್ತು. ವಾರಕ್ಕೊಮ್ಮೆ ನೈಟ್ರಿಕ್ ಆಮ್ಲದ ತೆಳು ದ್ರಾವಣ ಹರಿಸಿದ ಮೇಲೆ ಪೊರೆ ಹೋಯಿತು. ಉಪ್ಪು ಬೆರೆತ ಟೊಮೆಟೊ ಸಾಸ್ ಕೂಡ ಮಾಡುವವರಾದರೆ 304 ದರ್ಜೆಯ ಬದಲು 316ಎಲ್ ದರ್ಜೆಯ ಸ್ಟೀಲ್ ತೆಗೆದುಕೊಳ್ಳಿ. ಉಪ್ಪಿನಲ್ಲಿರುವ ಕ್ಲೋರೈಡು ಸ್ಟೀಲಿನಲ್ಲಿ ಕೊರೆದ ಸಣ್ಣ ಗುಳಿಗಳನ್ನು ಯಾವ ರಾಸಾಯನಿಕವೂ ತುಂಬಿಕೊಡದು.

ರಾತ್ರಿ ಪಾಳಿ ಮುಗಿದ ಮೇಲೆ ತುಂಬುವ ವಿಭಾಗದ ಅದೇ ಅಕ್ಕ ಲೋಬ್ ಪಂಪಿನ ಮುಚ್ಚಳ ತೆಗೆದು, ಸೋರದಂತೆ ತಡೆಯುವ ರಬ್ಬರ್ ಬಳೆಯಾದ ಓ ರಿಂಗ್ ಕಿತ್ತು, ಅದು ಕೂರುವ ತೋಡಿನೊಳಗೆ ಬಿಳಿ ಬಟ್ಟೆ ಎಳೆಯುತ್ತಾರೆ. ಬಟ್ಟೆಯಲ್ಲಿ ಹಳದಿ ಕಂಡರೆ ಮತ್ತೆ ತೊಳೆತ.