ಕಮೋಡೋರ್ 64ಕ್ಕೆ ಎಸ್‌ಡಿ ಕಾರ್ಡ್: ಆರು ತಿಂಗಳ ಬಳಕೆಯ ನಂತರ

ಎಂಬತ್ತರ ದಶಕದ ಮನೆ ಕಂಪ್ಯೂಟರ್ ಕಮೋಡೋರ್ 64ರಲ್ಲಿ ಬರೆದದ್ದು ಲ್ಯಾಪ್‌ಟಾಪ್‌ಗೆ ಬರಬೇಕು, ಲ್ಯಾಪ್‌ಟಾಪ್‌ನಲ್ಲಿ ಇರುವುದು ಅಲ್ಲಿಗೆ ಹೋಗಬೇಕು. ಎಷ್ಟೋ ವರ್ಷಗಳ ಆಸೆ ಇದು. ಅದರ ಫ್ಲಾಪಿ ಡ್ರೈವ್ ಆದ 1541, ಫ್ಲಾಪಿಯ ಮೇಲೆ ಬರೆಯುವ ಕ್ರಮವೇ ಬೇರೆಯಾದ್ದರಿಂದ ಸಾಮಾನ್ಯ ಪಿಸಿ ಡ್ರೈವ್ ಅದನ್ನು ಓದುವುದಿಲ್ಲ. ಆ ಗೋಡೆಯನ್ನು ಒಡೆದದ್ದು, ಎಸ್‌ಡಿ ಕಾರ್ಡನ್ನೇ ಡ್ರೈವ್ ಆಗಿಸುವ ಎಸ್‌ಡಿ2ಐಇಸಿ.

ಅಂಗೈಯಲ್ಲಿ ಹಿಡಿಸುವ ಪೆಟ್ಟಿಗೆ. ಒಂದು ವೈರು ಸೀರಿಯಲ್ ಪೋರ್ಟಿಗೆ, ಇನ್ನೊಂದು ಕ್ಯಾಸೆಟ್ ಪೋರ್ಟಿಗೆ, ವಿದ್ಯುತ್ತು ಅಲ್ಲಿಂದಲೇ. ಕಂಪ್ಯೂಟರಿನ ಪಾಲಿಗೆ ಇದು 8ನೇ ನಂಬರಿನ ಡ್ರೈವ್, ಅಷ್ಟೇ. ಇಡೀ ಫ್ಲಾಪಿಯ ನಕಲಾದ 1,74,848 ಬೈಟಿನ ಡಿ64 ಫೈಲಿನ ಒಳಹೊಕ್ಕರೆ ಫ್ಲಾಪಿ ಹಾಕಿದಂತೆಯೇ ಆಯಿತು. ಕಾರ್ಡಿನ ಫಾರ್ಮ್ಯಾಟ್ ಮಾತ್ರ ಫ್ಯಾಟ್32 ಆಗಿರಲಿ, ಎಕ್ಸ್‌ಫ್ಯಾಟ್ ನಡೆಯದು.

ಬರಹದ ಫೈಲುಗಳ ವಿಷಯಕ್ಕೆ ಬರುತ್ತೇನೆ, ನನಗೆ ಮುಖ್ಯವಾದದ್ದು ಅದೇ. ಮೊದಲ ದಿನ ಒಂದು ಪುಟ ಟೈಪ್ ಮಾಡಿ, ಕಾರ್ಡ್ ತೆಗೆದು ಲ್ಯಾಪ್‌ಟಾಪ್‌ಗೆ ಹಾಕಿದೆ. ನಾನು ಸಣ್ಣಕ್ಷರದಲ್ಲಿ ಬರೆದದ್ದೆಲ್ಲ ದೊಡ್ಡಕ್ಷರ. ದೊಡ್ಡಕ್ಷರ ಇದ್ದ ಕಡೆ ಅರ್ಥವಾಗದ ಚಿಹ್ನೆಗಳು. ಫೈಲ್ ಕೆಟ್ಟಿರಲಿಲ್ಲ. ಅಕ್ಷರಗಳಿಗೆ ಸಂಖ್ಯೆ ಕೊಡುವ ಕ್ರಮ ಕಮೋಡೋರಿನಲ್ಲಿ ಪೆಟ್‌ಸ್ಕಿ, ಲ್ಯಾಪ್‌ಟಾಪ್‌ನಲ್ಲಿ ಆಸ್ಕಿ. ಪೆಟ್‌ಸ್ಕಿಯಲ್ಲಿ ಸಣ್ಣ 'ಎ'ಯ ಸಂಖ್ಯೆ 65, ಆಸ್ಕಿಯಲ್ಲಿ ಅದೇ 65 ದೊಡ್ಡ 'ಎ'. ಮೊದಲ 26 ಬೈಟ್ ಎಸ್‌ಡಿ2ಐಇಸಿ ತಾನೇ ಸೇರಿಸಿದ ತಲೆಪಟ್ಟಿ. ಪೈಥಾನ್‌ನಲ್ಲಿ ಪುಟ್ಟ ಪ್ರೋಗ್ರಾಂ ಬರೆದೆ: 26 ಬೈಟ್ ಬಿಡು, 65ರಿಂದ 90ರವರೆಗಿನದಕ್ಕೆ 32 ಕೂಡಿಸು, 193ರಿಂದ 218ರವರೆಗಿನದರಿಂದ 128 ಕಳೆ, ಸಾಲಿನ ಕೊನೆಯ ಗುರುತಾದ 13 ಇದ್ದಲ್ಲಿ 10 ಇಡು. ನೀಲಿ ಪರದೆಯಲ್ಲಿ ಬರೆದ ಪುಟ ಅಕ್ಷರ ತಪ್ಪದೆ ಎದುರಿಗೆ ನಿಂತಾಗ ಆದ ಸಂತೋಷ ಇನ್ನೂ ಹಸಿಯಾಗಿದೆ.

ಕೊರತೆಗಳೂ ಇವೆ. ಕಾರ್ಡ್ ಎಷ್ಟೇ ವೇಗದ್ದಾದರೂ ಡ್ರೈವಿಗೂ ಕಂಪ್ಯೂಟರಿಗೂ ನಡುವಿನ ಡೇಟಾ ಹಾದಿಯಾದ ಸೀರಿಯಲ್ ಬಸ್ಸಿನ ಓಟ ಹಳೆಯದೇ, ಸೆಕೆಂಡಿಗೆ ಸುಮಾರು 400 ಬೈಟ್. ಈ ಓಟವನ್ನು ಚುರುಕುಗೊಳಿಸುವ ಜಿಫಿಡಾಸ್ ರಾಮ್ (ROM) ಚಿಪ್ ಹಾಕಿದ ಮೇಲೆಯೇ ನನಗೆ ನೆಮ್ಮದಿ. 1541ರೊಳಗೆ ಅದರದೇ 6502 ಪ್ರೊಸೆಸರ್ ಇದೆ, ಇದರಲ್ಲಿ ಇಲ್ಲ. ಆ ಪ್ರೊಸೆಸರಿಗೆ ತನ್ನದೇ ಕೋಡ್ ಕಳಿಸುವ ಆಟಗಳಲ್ಲಿ ಹಲವು ಇಲ್ಲಿ ಅರ್ಧಕ್ಕೇ ನಿಂತುಬಿಡುತ್ತವೆ. ಆಟವೇ ಮುಖ್ಯ ಎನ್ನುವವರು ಇದನ್ನು ಕೊಳ್ಳಬೇಡಿ. ಬರೆಯುವವರು, ಪ್ರೋಗ್ರಾಂ ಮಾಡುವವರು ಕಣ್ಣುಮುಚ್ಚಿ ಕೊಳ್ಳಿ.

1541ರ ಹಿಂದೆ ಎರಡು ಸೀರಿಯಲ್ ಪೋರ್ಟ್ ಇರುವುದರಿಂದ ಈಗ ಎರಡನ್ನೂ ಸರಪಳಿಯಂತೆ ಜೋಡಿಸಿದ್ದೇನೆ. ಪೆಟ್ಟಿಗೆಗೆ 9ನೇ ನಂಬರ್ ಕೊಟ್ಟು, ಹಳೆಯ ಫ್ಲಾಪಿಗಳಲ್ಲಿರುವ ನನ್ನ ಬೇಸಿಕ್ ಪ್ರೋಗ್ರಾಂಗಳನ್ನು 8ರಿಂದ ಲೋಡ್ ಮಾಡಿ 9ಕ್ಕೆ ಸೇವ್ ಮಾಡುತ್ತಿದ್ದೇನೆ. ಹನ್ನೊಂದು ಫ್ಲಾಪಿ ಮುಗಿದಿವೆ.