ಎಂಟಿಆರ್‌ನ ರವೆ ಇಡ್ಲಿ ಮತ್ತು ಮಾಲೀಕರ ಮಾತು

ಮೊದಲು ತಿಂಡಿಯ ವಿಚಾರ. ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್‌ಗೆ, ಅಂದರೆ ಎಂಟಿಆರ್‌ಗೆ, ಹೋದರೆ ರವೆ ಇಡ್ಲಿ ತಿನ್ನದೆ ಬರಬೇಡಿ. ಜೊತೆಗೆ ಆಲೂಗಡ್ಡೆ ಸಾಗು, ಹಸಿರು ಚಟ್ನಿ, ಪುಟ್ಟ ಬಟ್ಟಲಲ್ಲಿ ತುಪ್ಪ ಬರುತ್ತದೆ. ಇಡ್ಲಿ ಹೊಗೆಯಾಡುತ್ತಿರುವಾಗಲೇ ತುಪ್ಪವನ್ನೆಲ್ಲ ಸುರಿದುಕೊಳ್ಳಿ, ಉಳಿಸಿಟ್ಟುಕೊಳ್ಳಬೇಡಿ. ಇಲ್ಲಿಯ ಮಸಾಲೆ ದೋಸೆಯೂ ಚೆನ್ನ, ಆದರೆ ದಾವಣಗೆರೆಯವಳಾದ ನನ್ನ ನಾಲಿಗೆ ಬೆಣ್ಣೆ ದೋಸೆಗೇ ಒಗ್ಗಿದೆ. ರವೆ ಇಡ್ಲಿಯ ಮಾತು ಬಂದಾಗ ಮಾತ್ರ ಎಂಟಿಆರ್‌ನ ಮುಂದೆ ಬೇರೆ ಯಾವ ಹೋಟೆಲನ್ನೂ ನಾನು ನಿಲ್ಲಿಸಲಾರೆ.

ನಾನು ಅಲ್ಲಿಗೆ ಮತ್ತೆ ಮತ್ತೆ ಹೋಗುವುದಕ್ಕೆ ಇನ್ನೊಂದು ಕಾರಣವಿದೆ. ಊರಿನಲ್ಲಿ ನನ್ನದೊಂದು ಸಣ್ಣ ಉದ್ಯಮ. ಶೇಂಗಾ ಚಟ್ನಿಪುಡಿ, ಗುರೆಳ್ಳುಪುಡಿ, ಸಾರಿನಪುಡಿ, ಖಡಕ್ ರೊಟ್ಟಿ ಮಾಡಿಸಿ ಮಾರುತ್ತೇನೆ. ಕೆಲಸಕ್ಕಿರುವವರೆಲ್ಲ ಅಕ್ಕಪಕ್ಕದ ಓಣಿಯ ಹೆಂಗಸರು. ನಾನು ಪೇಟೆಗೆ ಹೋದಾಗಲೂ ಕೆಲಸ ನನ್ನ ಎದುರಿಗೆ ನಡೆದಷ್ಟೇ ನೇಮವಾಗಿ ನಡೆಯಬೇಕು, ಅದು ಹೇಗೆ ಎಂಬುದೇ ನನ್ನ ತಲೆ ತಿನ್ನುವ ಪ್ರಶ್ನೆ. 'ಚೊಕ್ಕಟಾಗಿರಲಿ' ಎಂದರೆ ಒಬ್ಬಳು ನೆಲ ಗುಡಿಸುತ್ತಾಳೆ, ಇನ್ನೊಬ್ಬಳು ಕೈ ತೊಳೆಯುತ್ತಾಳೆ, ಮತ್ತೊಬ್ಬಳು ಡಬ್ಬಿ ಒರೆಸುತ್ತಾಳೆ. ಮೂವರೂ ನನ್ನ ಮಾತು ನಡೆಸಿದ್ದಾರೆ, ಆದರೂ ನನ್ನ ಮನಸ್ಸಿನಲ್ಲಿದ್ದದ್ದು ಆಗಿರುವುದಿಲ್ಲ.

ಎಂಟಿಆರ್‌ನವರು ಈ ಗಂಟನ್ನು ಬಿಡಿಸಿದ ಬಗೆಯನ್ನು ತಿಂಡಿಯಷ್ಟೇ ಗಮನವಿಟ್ಟು ನೋಡಬೇಕು. ಉಡುಪಿ ಕಡೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರುಮಾಡಿದ ಹೋಟೆಲು ಇದು. ಅವರಲ್ಲಿ ಯಜ್ಞನಾರಾಯಣ ಮಯ್ಯರು ಹೋಟೆಲುಗಳು ಹೇಗೆ ನಡೆಯುತ್ತವೆಂದು ನೋಡಲೆಂದೇ 1951ರಲ್ಲಿ ಯುರೋಪಿಗೆ ಹೋಗಿದ್ದರು. ಅಲ್ಲಿಯ ಶುಚಿತ್ವ ಅವರ ಮನಸ್ಸಿಗೆ ನಾಟಿತು. ಮರಳಿ ಬಂದು ಕೆಲಸದವರಿಗೆ 'ಪಾತ್ರೆ ಚೆನ್ನಾಗಿ ತೊಳೆಯಿರಿ' ಎಂದಷ್ಟೇ ಹೇಳಿ ಕೂರಲಿಲ್ಲ. ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಮಾಡುವ ವ್ಯವಸ್ಥೆಯನ್ನೇ ತಂದರು. ಹಬೆಗೆ ಹೋಗಿ ಬಂದ ಲೋಟ ತೊಳೆದ ಲೋಟ, ಹೋಗದ್ದು ತೊಳೆಯದ್ದು. ಕ್ಲೀನರ್ ಹುಡುಗನಿಗೂ ಮಾಲೀಕನಿಗೂ ಅಳತೆ ಒಂದೇ ಆಯಿತು, ಇಬ್ಬರ ನಡುವೆ ವಾದಕ್ಕೆ ಜಾಗವೇ ಉಳಿಯಲಿಲ್ಲ.

ಅದಕ್ಕಿಂತ ದಿಟ್ಟ ಹೆಜ್ಜೆ ಎಂದು ನನಗೆ ಅನ್ನಿಸುವುದು ಅಡುಗೆಮನೆಯನ್ನು ಗಿರಾಕಿಗಳಿಗೆ ತೆರೆದದ್ದು. ಬಂದವರು ಅಡುಗೆಮನೆ ನೋಡಿಯೇ ಉಣ್ಣಲು ಕೂರಬೇಕೆಂಬ ಪದ್ಧತಿ ಇಟ್ಟಿದ್ದರು. ಯೋಚಿಸಿ ನೋಡಿ, ಉಣ್ಣುವವರೇ ದಿನವಿಡೀ ಒಲೆಯ ಮುಂದೆ ಹಾದುಹೋಗುತ್ತಿದ್ದರೆ ಭಟ್ಟರ ಹಿಂದೆ ಮೇಲ್ವಿಚಾರಕನೊಬ್ಬ ಏಕೆ ನಿಲ್ಲಬೇಕು? ಶಿಸ್ತು ಗಿರಾಕಿಗಳಿಗೂ ಇತ್ತು, ಒಳ್ಳೆಯ ನಡವಳಿಕೆಯ ಬಗ್ಗೆ ಪುಟ್ಟ ಪುಸ್ತಿಕೆಗಳನ್ನು ಹೋಟೆಲಿನಲ್ಲಿ ಇಡಿಸಿದ್ದರು. ಇಂದಿಗೂ ಈ ಹೋಟೆಲಿನ ಕ್ರಮ ಬಂದವರಿಗೆಲ್ಲ ಗೊತ್ತು. ಹೆಸರು ಬರೆಸಿ ಕಾಯಬೇಕು, ಗುರುತಿಲ್ಲದವರ ಎದುರು ಕೂತು ತಿನ್ನಬೇಕಾಗಿ ಬಂದರೆ ತಿನ್ನಬೇಕು, ತಿಂದಾದ ಮೇಲೆ ಕಾಯುವವರಿಗೆ ಜಾಗ ಬಿಡಬೇಕು.

ಶುಚಿತ್ವದ ನೇಮ ಪಾಲಿಸಲು ದುಡ್ಡು ಹೆಚ್ಚು ಹೋಗಲಿಕ್ಕಿಲ್ಲ. ನಿಜವಾದ ಪರೀಕ್ಷೆ ತುರ್ತುಪರಿಸ್ಥಿತಿಯ ಕಾಲದಲ್ಲಿ ಬಂತು. ಹೋಟೆಲು ತಿಂಡಿಯನ್ನು ತೀರಾ ಕಡಿಮೆ ದರಕ್ಕೆ ಮಾರಬೇಕೆಂದು ಸರ್ಕಾರ ಕಟ್ಟುಮಾಡಿತು. ಆ ದರಕ್ಕೆ ಅದೇ ತುಪ್ಪ, ಅದೇ ಕಾಫಿಪುಡಿ ಹಾಕಿ ಕೊಡಲು ಆಗುತ್ತಿರಲಿಲ್ಲ. ತುಪ್ಪದ ಬಟ್ಟಲು ಕಿರಿದಾಗಬಹುದಿತ್ತು, ಡಿಕಾಕ್ಷನ್ ತೆಳ್ಳಗಾಗಬಹುದಿತ್ತು. ಮಯ್ಯ ಕುಟುಂಬದವರು ಹೋಟೆಲಿನ ಬಾಗಿಲನ್ನೇ ಹಾಕಿದರು. ಇಡ್ಲಿ, ದೋಸೆಗಳ ಸಿದ್ಧ ಹಿಟ್ಟು, ಚಟ್ನಿಪುಡಿ, ಸಾರಿನಪುಡಿ ಮಾರುವುದಕ್ಕೆ ಕೈಹಾಕಿದರು. ನಂಬಿದ ಕೆಲಸಗಾರರನ್ನು ಮನೆಗೆ ಕಳಿಸಬಾರದೆಂಬುದೂ ಅದರ ಹಿಂದಿತ್ತು ಎನ್ನುತ್ತಾರೆ. ಕೆಲವು ವರ್ಷಗಳ ಮೇಲೆ ಹೋಟೆಲು ಮತ್ತೆ ತೆರೆಯಿತು. ಆ ಪುಡಿ ವ್ಯಾಪಾರ ದೊಡ್ಡ ಕಂಪನಿಯಾಗಿ ಬೆಳೆದು 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆಯ ಪಾಲಾಯಿತು, ಹೋಟೆಲು ಮಾತ್ರ ಮಯ್ಯ ಕುಟುಂಬದಲ್ಲೇ ಉಳಿದಿದೆ. ಅಂಗಡಿಯ ಪೊಟ್ಟಣ ಬೇರೆ, ಲಾಲ್‌ಬಾಗ್ ರಸ್ತೆಯ ಹೋಟೆಲು ಬೇರೆ ಎಂಬುದು ಬಹಳ ಜನರಿಗೆ ತಿಳಿಯದು.

ಹಾಗೆಂದು ಯಾವುದನ್ನೂ ಬದಲಿಸದ ಜನ ಇವರಲ್ಲ. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ತತ್ವಾರವಾದಾಗ ರವೆಯಲ್ಲಿ ಇಡ್ಲಿ ಬೇಯಿಸಿ ನೋಡಿದ್ದೇ ರವೆ ಇಡ್ಲಿಯಾಯಿತು ಎನ್ನುವುದು ಇಲ್ಲಿಯ ಹೆಮ್ಮೆಯ ಕಥೆ. ಅಕ್ಕಿಯನ್ನು ಬಿಟ್ಟರು, ರುಚಿಯನ್ನು ಬಿಡಲಿಲ್ಲ. ಯಾವುದು ಬದಲಾಗಬಹುದು, ಯಾವುದಕ್ಕೆ ಕೈ ಹಚ್ಚಬಾರದು ಎಂಬುದು ಮಾಲೀಕನಿಗೆ ಮೊದಲೇ ತಿಳಿದಿರಬೇಕು, ಕೆಲಸದವರಿಗೂ ತಿಳಿಸಿರಬೇಕು. ಕಷ್ಟ ಬಂದ ದಿನ ಕೂತು ನಿರ್ಧರಿಸುತ್ತೇನೆಂದರೆ ಅಂದು ಲೆಕ್ಕದ ಪುಸ್ತಕವೇ ನಮ್ಮ ಪರವಾಗಿ ನಿರ್ಧರಿಸಿಬಿಡುತ್ತದೆ.

ಈ ಸಲ ನಮ್ಮ ಹೆಂಗಸರನ್ನೂ ಕರೆದುಕೊಂಡು ಹೋಗಿದ್ದೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ, ಎಲ್ಲರೂ ದೊಡ್ಡಮ್ಮ ಎನ್ನುವ ಒಬ್ಬರಿದ್ದಾರೆ. ರವೆ ಇಡ್ಲಿ ಮುರಿಯುತ್ತಾ ಅಡುಗೆಮನೆಯ ಪದ್ಧತಿಯ ಕಥೆ ಹೇಳಿದೆ. ದೊಡ್ಡಮ್ಮ ಪೂರ್ತಿ ಕೇಳಿದರು. 'ಹಂಗಾರ ನಮ್ಮ ಹುರಿಯೋ ಕೋಣಿಗೂ ಒಂದು ಕಿಟಕಿ ಹೊಡಸವ್ವ. ಪುಡಿ ತಗಳಾಕ ಬಂದೋರು ನೋಡ್ಲಿ' ಎಂದರು. ಸ್ವಲ್ಪ ತಡೆದು, 'ನೀನೂ ಒಳಗ ಬಂದಾಗ ತಲಿಗೆ ಬಟ್ಟಿ ಕಟ್ಗಬೇಕಾಗ್ತತಿ ಮತ್ತ' ಎಂದೂ ಸೇರಿಸಿದರು.

ಕಿಟಕಿ ಮಾಡಿಸಿದೆವು, ದೊಡ್ಡ ಗಾಜಿನದು. ತಲೆಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಈಗ ಯಾರೂ ಯಾರಿಗೂ ಹೇಳುವುದಿಲ್ಲ. ಗಾಜಿನ ಪಕ್ಕದ ಗೋಡೆಯ ಮೇಲೆ ಒಂದು ಸಾಲು ಬರೆಸಿದ್ದೇನೆ: ಶೇಂಗಾ ದರ ಏರಿದರೆ ಪೊಟ್ಟಣದ ದರ ಏರಿಸುತ್ತೇವೆ, ಇಲ್ಲವೇ ಆ ವಾರ ಮಾಡುವುದಿಲ್ಲ, ಹುರಿಗಡಲೆ ಬೆರೆಸುವುದಿಲ್ಲ. ಗಿರಾಕಿಗಳೂ ಓದುತ್ತಾರೆ, ಕೆಲಸದವರೂ ಓದುತ್ತಾರೆ, ನಾನೂ ಓದುತ್ತೇನೆ. ಇನ್ನು ಮೇಲೆ ಅದನ್ನು ಮೀರುವುದು ನನಗೂ ಸುಲಭವಿಲ್ಲ, ಬರೆಸಿದ್ದೇ ಅದಕ್ಕಾಗಿ.

ಹೋಗುವವರಿಗೆ ಎರಡು ಮಾತು. ಸೋಮವಾರ ಹೋಟೆಲಿಗೆ ರಜೆ. ಶನಿವಾರ, ಭಾನುವಾರ ಜನಜಂಗುಳಿ, ಆದರೆ ಚಂದ್ರಹಾರ ಎಂಬ ಸಿಹಿ ತಿನ್ನಬೇಕೆಂದರೆ ಭಾನುವಾರವೇ ಹೋಗಬೇಕು. ಅವಸರವಿರುವವರು ಬೇರೆ ದಿನ ಬೆಳಗ್ಗೆ ಬೇಗ ಹೋಗಿ. ಸಣ್ಣಪುಟ್ಟ ಉದ್ಯಮ ನಡೆಸುವವರಾದರೆ ಒಬ್ಬರೇ ಹೋಗಬೇಡಿ, ನಿಮ್ಮಲ್ಲಿ ದುಡಿಯುವವರನ್ನು ಕರೆದುಕೊಂಡು ಹೋಗಿ, ಅವರ ಪಕ್ಕದಲ್ಲೇ ಕೂತು ತಿನ್ನಿ. ನಿಮ್ಮ ಕಣ್ಣಿಗೆ ಬೀಳದ್ದು ಅವರ ಕಣ್ಣಿಗೆ ಬೀಳುತ್ತದೆ.