ಪೇಜ್‌ಸ್ಪೀಡ್ ಇನ್‌ಸೈಟ್ಸ್: ಅಂಕ ಬಿಡಿ, ಮೇಲಿನ ಭಾಗ ನೋಡಿ

ಶಿರಸಿ ಹತ್ತಿರ ತೋಟದ ಮನೆಯಲ್ಲಿ ನಮ್ಮದೊಂದು ಹೋಂಸ್ಟೇ. ಅದರ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಬಳಸಲು ಶುರುಮಾಡಿ ಕೆಲವು ವರ್ಷ ಆಯ್ತು. ದುಡ್ಡು ಬೇಡ, ಲಾಗಿನ್ ಬೇಡ. ಸೈಟಿನ ವಿಳಾಸ ಹಾಕಿದರೆ ಸಾಕು, ಪುಟ ಎಷ್ಟು ಬೇಗ ತೆರೆಯುತ್ತದೆ ಎಂದು ಅಳೆದು ಹೇಳುತ್ತದೆ.

ಎಲ್ಲರೂ ಮೊದಲು ನೋಡುವುದು ನೂರಕ್ಕೆ ಎಷ್ಟು ಅಂಕ ಬಂತು ಅಂತ. 90 ಮುಟ್ಟಿದರೆ ಹಸಿರು. ಆದರೆ ಅದು ಸಾಧಾರಣ ಫೋನು, ನಿಧಾನ 4ಜಿ ಎಂದಿಟ್ಟುಕೊಂಡು ಆ ಹೊತ್ತಿಗೆ ಮಾಡಿದ ಪರೀಕ್ಷೆ. ಬೆಳಿಗ್ಗೆ ಒಂದು ಅಂಕ, ಸಂಜೆ ಇನ್ನೊಂದು. ‘100 ಅಂಕ ತಂದುಕೊಡ್ತೀವಿ, ಗೂಗಲ್‌ನಲ್ಲಿ ಮೊದಲು ಬರ್ತೀರಿ’ ಅಂತ ಫೋನ್ ಮಾಡುವವರಿಗೆ ಸುಮ್ನೆ ದುಡ್ಡು ಕೊಡಬೇಡಿ.

ಗೂಗಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ಫಲಿತಾಂಶದ ಪುಟದಲ್ಲಿ ಮೇಲ್ಗಡೆ ಇರುವ ‘ಕೋರ್ ವೆಬ್ ವೈಟಲ್ಸ್’ ಎಂಬ ಮೂರು ಅಳತೆಗಳನ್ನು. ಕ್ರೋಮ್‌ನಲ್ಲಿ ನಿಜವಾದ ಜನ ಸೈಟ್ ತೆರೆದ 28 ದಿನಗಳ ಲೆಕ್ಕ ಅದು. ನಾಲ್ಕರಲ್ಲಿ ಮೂರು ಭೇಟಿಗಳಲ್ಲಾದರೂ ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪುಟ ಓಗೊಡಬೇಕು. ಮತ್ತೆ, ಪುಟ ಕುಣಿಯಬಾರದು.

ಈ ಕುಣಿತವೇ ನಮ್ಮ ಸೈಟಿನ ದೊಡ್ಡ ಕಾಟವಾಗಿತ್ತು. ಮಳೆಗಾಲದ ತೋಟದ ಫೋಟೋ ತಡವಾಗಿ ಬಂದು ಉಳಿದದ್ದನ್ನೆಲ್ಲ ಕೆಳಗೆ ತಳ್ಳುತ್ತಿತ್ತು. ‘ರೂಮ್ ನೋಡಿ’ ಒತ್ತಲು ಹೋದ ಬೆರಳು ಫೋಟೋ ಮೇಲೆ ಬೀಳುತ್ತಿತ್ತು. ಯಾವ ಫೋಟೋ, ಎಷ್ಟು ಭಾರ ಎಂದು ಈ ಟೂಲ್ ಹೆಸರು ಸಮೇತ ತೋರಿಸಿತು. ಫೋಟೋವನ್ನು ಚಿಕ್ಕದು ಮಾಡಿ, ವೆಬ್‌ಪಿ ಎಂಬ ಹಗುರ ಫೋಟೋ ಫಾರ್ಮ್ಯಾಟ್‌ಗೆ ಬದಲಿಸಿ, ಅದು ಬರುವ ಮೊದಲೇ ಜಾಗ ಕಾದಿರಲಿ ಎಂದು ಕೋಡ್‌ನಲ್ಲಿ ಅದರ ಅಗಲ, ಎತ್ತರ ಬರೆದೆ. ಕುಣಿತ ನಿಂತಿತು. ಮೇಲಿನ ಲೆಕ್ಕ ಪೂರ್ತಿ ಬದಲಾಗಲು ಮಾತ್ರ ಸುಮಾರು ಒಂದು ತಿಂಗಳು ಕಾಯಬೇಕು.

ಹಾಗಾದರೆ ಸರ್ಚ್‌ನಲ್ಲಿ ಮೇಲೆ ಬಂದೆವಾ? ವೇಗದಿಂದ ಅಂತ ಹೇಳಲಾರೆ. ಗೂಗಲ್ 2010ರಿಂದ ಕಂಪ್ಯೂಟರ್‌ನಲ್ಲಿ, 2018ರಿಂದ ಮೊಬೈಲ್‌ನಲ್ಲಿ ವೇಗವನ್ನು ಗಣನೆಗೆ ತೆಗೆದುಕೊಳ್ಳುತ್ತಿದೆ ನಿಜ. 2021ರಲ್ಲಿ ವೈಟಲ್ಸ್ ಕೂಡ ಸೇರಿತು. ಆದರೂ ಹುಡುಕಿದ್ದಕ್ಕೆ ಸರಿಯಾದ ಉತ್ತರ ಇರುವ ಪುಟಕ್ಕೇ ಮೊದಲ ಮಣೆ. ಕುಮಟಾದಿಂದ ದೇವಿಮನೆ ಘಟ್ಟದ ಮೇಲೆ ಬರುವುದು ಹೇಗೆ, ಯಾಣಕ್ಕೆ ಯಾವಾಗ ಹೊರಡಬೇಕು ಎಂದು ಬರೆದ ಮೇಲೆಯೇ ಹುಡುಕಿಕೊಂಡು ಬರುವವರು ಜಾಸ್ತಿಯಾದರು. ವೇಗದ ಲಾಭ ಬೇರೆ: ಸಿಗ್ನಲ್ ಕುಂಟುವ ಜಾಗದಲ್ಲೂ ಪುಟ ತೆರೆಯುತ್ತದೆ, ಜನ ಬೇಸತ್ತು ಹಿಂದಕ್ಕೆ ಹೋಗುವುದಿಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಯಾಕೆಂದರೆ, ಸಣ್ಣ ಸೈಟುಗಳಿಗೆ ಆ ಮೇಲಿನ ಲೆಕ್ಕ ಸದಾ ಸಿಗುವುದಿಲ್ಲ. ಸೀಸನ್‌ನಲ್ಲಿ ನಮ್ಮ ಇಡೀ ಸೈಟಿನದ್ದು ಬರುತ್ತದೆ, ರೂಮಿನ ಪುಟಕ್ಕೆ ಬೇರೆಯಾಗಿ ಇಲ್ಲ. ಜನ ಕಡಿಮೆಯಾದರೆ ಅದೂ ಮಾಯ. ಆಗ ಆ ಅಂಕವೇ ಗತಿ!